ಗೋದಲಿಯ ಮೇಲೊಂದು ನೋಟ್‌ಬುಕ್: ಎಮ್ಮೆಯ ದಿನ ಲೆಕ್ಕ ಇಡುವುದು ಹೇಗೆ

ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯ ನಮ್ಮ ಊರಿನಲ್ಲಿ ನಾನು ಪಶು ಸಖಿ, ಅಂದರೆ ದನಕರುಗಳ ಆರೈಕೆಯನ್ನು ಮನೆಮನೆಗೆ ಹೋಗಿ ಹೇಳಿಕೊಡುವವಳು. ಹೊಸದಾಗಿ ಯಾರ ಮನೆಗೆ ಹೋದರೂ ಮೊದಲು ಕೇಳುವುದು ಒಂದೇ: "ಅಕ್ಕಾ, ಎಮ್ಮೆ ಬೆದೆಗೆ ಬಂದದ್ದು ಯಾವತ್ತು?" "ಸೀಗೆ ಹುಣ್ಣಿಮೆಯ ಆಸುಪಾಸು" ಎಂಬಂಥ ಉತ್ತರ ಬರುತ್ತದೆ. ನಿನ್ನೆ ಡೇರಿಯಲ್ಲಿ ಫ್ಯಾಟ್ ಎಷ್ಟು ಬಂತು, ಹಿಂಡಿಯ ಚೀಲಕ್ಕೆ ಎಷ್ಟು ಕೊಟ್ಟೆವು ಎಂಬುದೆಲ್ಲ ಅವರಿಗೆ ಬಾಯಿಪಾಠ. ತಾರೀಖು ಮಾತ್ರ ಗೊತ್ತಿರುವುದಿಲ್ಲ. ಹೈನದ ದುಡ್ಡು ಸೋರುವುದು ಅಲ್ಲಿಯೇ.

ನಾನೂ ಹಾಗೆಯೇ ಇದ್ದವಳು. ನಮ್ಮ ಮೊದಲ ಮುರ್ರಾ ಎಮ್ಮೆ ಗಬ್ಬವಾಗಿದೆ ಎಂದು ನಂಬಿ ಐದು ತಿಂಗಳು ಮೇಯಿಸಿದೆವು. ಕೊನೆಗೆ ಪಶುವೈದ್ಯರು ಕೈ ಹಾಕಿ ನೋಡಿ, "ಗಬ್ಬ ನಿಂತೇ ಇಲ್ಲ, ತಂಗಿ" ಎಂದರು. ಹಾಲಿಲ್ಲದ ಎಮ್ಮೆಗೆ ಆಗ ನಮ್ಮ ಮನೆಯಲ್ಲಿ ದಿನಕ್ಕೆ ನೂರು ರೂಪಾಯಿ ಮೇವು ಬೀಳುತ್ತಿತ್ತು. ಹದಿನೈದು ಸಾವಿರ ಹೋಯಿತು. ಅತ್ತೆಯವರು ಅಂದೇ ಮೊಮ್ಮಗಳ ಅರ್ಧ ಬರೆದ ನೋಟ್‌ಬುಕ್ಕಿಗೆ ದಾರ ಪೋಣಿಸಿ, ಪೆನ್ಸಿಲ್ ಕಟ್ಟಿ, ಗೋದಲಿಯ ಮೇಲಿನ ಮೊಳೆಗೆ ತೂಗುಹಾಕಿದರು. ಆ ನೋಟ್‌ಬುಕ್ ಬರುವ ಮೊದಲು ನಮ್ಮ ಎಮ್ಮೆ ಒಂದು ಈತಕ್ಕೂ ಇನ್ನೊಂದಕ್ಕೂ ಹತ್ತೊಂಬತ್ತು ತಿಂಗಳು ತೆಗೆದುಕೊಂಡಿತ್ತು. ಈಗ ಹದಿನಾಲ್ಕು.

ಒಂದು ಎಮ್ಮೆಗೆ ಒಂದು ಪುಟ ಇಡಿ. ಈದ ದಿನ, ಬೆದೆ ಕಂಡ ದಿನ ಮತ್ತು ಹೊತ್ತು, ಕೃತಕ ಗರ್ಭಧಾರಣೆ ಮಾಡಿಸಿದ ದಿನ, ವೀರ್ಯದ ನಳಿಕೆಯ ಮೇಲೆ ಮುದ್ರಿಸಿರುವ ಕೋಣದ ಸಂಖ್ಯೆ: ಇಷ್ಟು ಸಾಕು. ಆ ಸಂಖ್ಯೆಯನ್ನು ಕೇಳಲು ಸಂಕೋಚ ಬೇಡ. ನಾಳೆ ಹುಟ್ಟುವ ಕರುವಿನ ತಂದೆ ಯಾರೆಂದು ತಿಳಿಯಲು ಬೇರೆ ದಾರಿಯಿಲ್ಲ, ಅದೇ ಕೋಣದ ವೀರ್ಯ ಮುಂದೆ ಅದರ ಮಗಳಿಗೇ ಬೀಳಬಾರದು.

ಕಷ್ಟವಿರುವುದು ಬೆದೆ ಗುರುತಿಸುವುದರಲ್ಲಿ. ಆಕಳು ಕೂಗುತ್ತದೆ, ಇನ್ನೊಂದರ ಮೇಲೆ ಹಾರುತ್ತದೆ, ಓಣಿಗೆಲ್ಲ ಗೊತ್ತಾಗುತ್ತದೆ. ಎಮ್ಮೆಯದು ಬಹುತೇಕ ಮೂಕ ಬೆದೆ, ಅದೂ ಹೆಚ್ಚಾಗಿ ರಾತ್ರಿಯಲ್ಲಿ. ಆದ್ದರಿಂದ ರಾತ್ರಿ ಮಲಗುವ ಮುನ್ನ ಒಮ್ಮೆ, ನಸುಕಿನಲ್ಲಿ ಸಗಣಿ ಬಳಿಯುವ ಮುನ್ನ ಒಮ್ಮೆ ಬ್ಯಾಟರಿ ಹಿಡಿದು ನೋಡಿ. ಎಮ್ಮೆ ಮಲಗಿದ್ದ ಜಾಗದಲ್ಲಿ ಗಾಜಿನಂತೆ ತಿಳಿಯಾದ ಲೋಳೆ ಬಿದ್ದಿದೆಯೇ? ಬಾಲಕ್ಕೆ ಅಂಟಿ ಒಣಗಿದೆಯೇ? ಮತ್ತೆ ಮತ್ತೆ ಸ್ವಲ್ಪ ಸ್ವಲ್ಪವೇ ಉಚ್ಚೆ ಹೊಯ್ಯುತ್ತಿದೆಯೇ? ಹಾಲು ಇದ್ದಕ್ಕಿದ್ದಂತೆ ಅರ್ಧ ಲೀಟರ್ ಇಳಿಯಿತೇ? ಸಗಣಿ ಬಳಿದ ಮೇಲೆ ನೋಡಿದರೆ ಲೋಳೆಯ ಗುರುತು ಅದರೊಡನೆಯೇ ಹೋಗಿರುತ್ತದೆ. ಈ ಒಂದು ತಪ್ಪನ್ನು ನಾನು ಎಷ್ಟು ಮನೆಗಳಲ್ಲಿ ಕಂಡಿದ್ದೇನೆಂದರೆ, ತರಬೇತಿಯನ್ನು ಸಮುದಾಯ ಭವನದಲ್ಲಿ ಕೊಡುವುದನ್ನೇ ಬಿಟ್ಟಿದ್ದೇನೆ. ಬೆಳಗ್ಗೆ ಐದೂವರೆಗೆ ಯಾರದಾದರೂ ಕೊಟ್ಟಿಗೆಯಲ್ಲಿ ಎಂಟು ಹತ್ತು ಹೆಣ್ಣುಮಕ್ಕಳು ಸೇರುತ್ತೇವೆ, ಅಂದು ಒಂದೇ ವಿಷಯ ಕಲಿಯುತ್ತೇವೆ.

ಬೆಳಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸಿ. ಮಾಡಿಸಿದ ದಿನದಿಂದ ಹದಿನೆಂಟು ದಿನ ಎಣಿಸಿ, ಅಲ್ಲಿಂದ ಇಪ್ಪತ್ತನಾಲ್ಕನೆಯ ದಿನದವರೆಗೆ ಮತ್ತೆ ರಾತ್ರಿ, ನಸುಕು ಕಣ್ಣಿಡಿ. ಬೆದೆ ಮರಳುವುದು ಸುಮಾರು 21 ದಿನಕ್ಕೆ. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು ದಂಡ, ಜೊತೆಗೆ ಮುಂದಿನ ಹಾಲೂ ಮೂರು ವಾರ ತಡ. ಹಾಲಿನ ಸಂಘಕ್ಕೆ ಹಾಕುವ ಹಾಲಿಗೆ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಹಾಲು ಹಾಕಿದ ದಿನಗಳಿಗಷ್ಟೇ. ಬೆದೆ ಮರಳಲಿಲ್ಲವೆಂದು ಗಬ್ಬ ಎಂದುಕೊಳ್ಳಬೇಡಿ. ಎರಡೂವರೆ ಮೂರು ತಿಂಗಳಿಗೆ ವೈದ್ಯರಿಂದ ಪರೀಕ್ಷೆ ಮಾಡಿಸಲೇಬೇಕು. ನಾನು ಕಲಿತದ್ದು ಹದಿನೈದು ಸಾವಿರ ಕೊಟ್ಟು.

ಗಬ್ಬ ಖಚಿತವಾದ ಮೇಲೆ, ಗರ್ಭಧಾರಣೆ ಮಾಡಿಸಿದ ದಿನದಿಂದ ಎಮ್ಮೆಗೆ 310 ದಿನ, ಆಕಳಿಗೆ 280 ದಿನ ಎಣಿಸಿ ಈಯುವ ತಾರೀಖು ಬರೆಯಿರಿ. ಅದಕ್ಕೆ ಎರಡು ತಿಂಗಳ ಹಿಂದಿನ ತಾರೀಖಿಗೆ ಸುತ್ತು ಹಾಕಿ, ಅಂದಿನಿಂದ ಹಾಲು ಹಿಂಡುವುದನ್ನು ನಿಲ್ಲಿಸಿ. ಇನ್ನೂ ಎರಡು ಲೀಟರ್ ಬರುತ್ತಿದೆಯಲ್ಲ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಆ ಆಸೆ ಮುಂದಿನ ಈತದ ಹಾಲನ್ನು ತಿನ್ನುತ್ತದೆ.

ಇಷ್ಟೆಲ್ಲ ಬರೆದರೂ ಎಮ್ಮೆ ಬೆದೆಗೇ ಬಾರದಿದ್ದರೆ ಗೋದಲಿಯನ್ನು ನೋಡಬೇಕು. ನಮ್ಮ ಭಾಗದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದರೆ ನಾಲ್ಕೈದು ತಿಂಗಳು ದನಗಳಿಗೆ ಕಬ್ಬಿನ ಸೋಗೆಯೇ ಊಟ. ಪುಕ್ಕಟೆ ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಆದರೆ ಅದರಲ್ಲಿರುವ ಆಕ್ಸಲೇಟ್ ಮೇವಿನ ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡುವುದಿಲ್ಲ. ಸೋಗೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಬಿಡಲು ನಮಗಾಗುವುದೂ ಇಲ್ಲ. ಅದನ್ನು ಜೋಳದ ಕಣಿಕೆಯ ಜೊತೆ ಕತ್ತರಿಸಿ ಬೆರೆಸಿ, ಒಂದು ಹೊತ್ತಾದರೂ ಕುದುರೆ ಮೆಂತೆಯಂಥ ಹಸಿರು ಹಾಕಿ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನು ಹಿಂಡಿಯಲ್ಲಿ ಕಲಸಿ ಕೊಡಿ. ಹಾಲು ಕೊಡುವ ಎಮ್ಮೆಗೆ ಮೈ ನಿಲ್ಲಲು ಒಂದೂವರೆ ಕೆಜಿ, ಮೇಲೆ ಪ್ರತಿ ಎರಡು ಲೀಟರ್ ಹಾಲಿಗೆ ಒಂದು ಕೆಜಿ ಹಿಂಡಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಎಮ್ಮೆಯ ಬೆದೆ ಇನ್ನೂ ಅಡಗುತ್ತದೆ. ಕಪ್ಪು ಮೈ, ಬೆವರುವುದು ಕಡಿಮೆ. ದಿನಕ್ಕೆರಡು ಸಲ ಮೈಮೇಲೆ ನೀರು ಹೊಯ್ದು ನೆರಳಿನಲ್ಲಿ ಕಟ್ಟಿ.

ಲಸಿಕೆಯ ದಿನಗಳೂ ಅದೇ ಪುಟದಲ್ಲಿರಲಿ. ಕಾಲುಬಾಯಿ ಜ್ವರದ್ದು ಆರು ತಿಂಗಳಿಗೊಮ್ಮೆ, ಗಳಲೆ ರೋಗದ್ದು ಮಳೆಗಾಲಕ್ಕೆ ಮೊದಲು. ಜ್ವರವೋ ಕೆಚ್ಚಲು ಬಾವೋ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಆ ಸಂಖ್ಯೆಯನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ.

ಕರು ಹುಟ್ಟಿದ ದಿನ ಅದಕ್ಕೂ ಹೊಸ ಪುಟ ತೆರೆಯಿರಿ. ಮೊದಲ ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಯಿತೇ ಎಂದು ಬರೆಯಿರಿ. ಮಾಸು ಬೀಳಲಿ, ಆಮೇಲೆ ಕುಡಿಸೋಣ ಎಂದು ಕಾಯಬೇಡಿ. ಹತ್ತರಿಂದ ಹದಿನೈದು ದಿನದೊಳಗೆ ಜಂತುನಾಶಕ ಹಾಕಿಸಿದ ತಾರೀಖು ಬರೆಯಿರಿ. ಎಮ್ಮೆ ಕರುಗಳು ಹೊಟ್ಟೆಹುಳುವಿನಿಂದಲೇ ಎಷ್ಟೋ ಸಾಯುತ್ತವೆ. ನಮ್ಮ ಕೊಟ್ಟಿಗೆಯಲ್ಲಿ ಈಗ ಹಿಂಡುತ್ತಿರುವ ಎರಡೂ ಎಮ್ಮೆಗಳು ಆ ಹಳೆಯ ನೋಟ್‌ಬುಕ್ಕಿನಲ್ಲಿ ಕರುಗಳಾಗಿ ಹೆಸರು ಬರೆಸಿಕೊಂಡವು. ಒಂದನ್ನೂ ಸಂತೆಯಿಂದ ತಂದಿಲ್ಲ.