ಹಿಡಿಸೂಡಿ ಕೆಳಗಿಟ್ಟ ಮೇಲೆ

ಮಂಗಳೂರಿನ ಬಂದರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ವಿಜ್ಞಾನ ಟೀಚರ್. ಏಳನೇ ತರಗತಿಯಲ್ಲಿ ಮೂವತ್ತೊಂದು ಮಕ್ಕಳಿದ್ದರು. ಒಂದೇ ಬೆಂಚಿನಲ್ಲಿ ತುಳು, ಬ್ಯಾರಿ, ಕೊಂಕಣಿ. ಬಾಗಲಕೋಟೆ, ಕೊಪ್ಪಳದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದರು.

ಸಮಾಜಸೇವೆ ಅಂತ ನಾನು ಮೊದಲು ಮಾಡಿಸಿದ್ದು ಎಲ್ಲ ಕಡೆ ಮಾಡಿಸುವುದನ್ನೇ. ಅಕ್ಟೋಬರ್ 2ರಂದು ಮಕ್ಕಳ ಕೈಗೆ ಹಿಡಿಸೂಡಿ ಕೊಟ್ಟು ರಸ್ತೆ ಗುಡಿಸಿಸಿದೆ. ಫೋಟೊ ತೆಗೆದೆವು. ಮರುದಿನ ಒಬ್ಬ ಹುಡುಗಿಯ ಅಮ್ಮ ಬಂದರು. ಅವರು ಪೌರಕಾರ್ಮಿಕರು. ಬೆಳಗಿನ ಕೆಲಸ ಮುಗಿಸಿ ನೇರ ಬಂದಿದ್ದರು. "ಟೀಚರ್, ನಾನು ಗುಡಿಸುವುದು ಸಾಕಲ್ವಾ? ಅವಳ ಕೈಗೂ ಯಾಕೆ ಕೊಟ್ಟದ್ದು?" ಅಂದರು. ದನಿ ಏರಿಸಲಿಲ್ಲ. ತಪ್ಪು ನನ್ನದೇ ಆಗಿತ್ತು. ಕ್ಷಮೆ ಕೇಳಿದೆ.

ಅದಾದ ಮೇಲೆ ತುಂಬ ಯೋಚಿಸಿದೆ. ನಮ್ಮ ಮಕ್ಕಳು ವರ್ಷವಿಡೀ ತೆಗೆದುಕೊಳ್ಳುವ ಸಾಲಿನಲ್ಲೇ ನಿಂತಿರುತ್ತಾರೆ. ಜೂನಿನಲ್ಲಿ ಕೊಡೆ, ಆಮೇಲೆ ಬ್ಯಾಗು, ನೋಟ್‌ಬುಕ್ಕು. ಸೇವೆ ಯಾರು ಮಾಡ್ತಾರೆ ಅಂತ ಕೇಳಿದರೆ "ದುಡ್ಡಿದ್ದವರು" ಅಂದರು. ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಲೇ ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬರ ಕಥೆ ಹೇಳಿದೆ. 2020ರ ಪದ್ಮಶ್ರೀ ಅವರಿಗೆ ಬಂತು ಅಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಮುಂದಿನ ಜೂನಿನಲ್ಲಿ ಕೆಲಸವನ್ನು ನಾನು ಆರಿಸಲಿಲ್ಲ. ನಿಮ್ಮ ಓಣಿಯಲ್ಲಿ ಏನು ಸರಿಯಾಗಬೇಕು ಅಂತ ಚೀಟಿ ಬರೆಸಿದೆ. ಬೀದಿದೀಪ, ನಾಯಿ, ಒಂಟಿ ಅಜ್ಜಿ, ಎಲ್ಲ ಬಂತು. ಜಾಸ್ತಿ ಬಂದದ್ದು ಜ್ವರ. 2019ರ ಡೆಂಗಿ ಮಂಗಳೂರಿನಲ್ಲಿ ಯಾರಿಗೆ ಮರೆತಿದೆ? ಮಲೇರಿಯಾ ಅಂತೂ ನಮಗೆ ಹಳೆಯದು.

ಹಾಗಾಗಿ ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ, ನಿಂತ ನೀರು ಹುಡುಕುವ ಕೆಲಸ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ, ಮನೆಯವರ ಸಹಿ, ಜೊತೆಗೆ ಒಬ್ಬ ಆಶಾ ಕಾರ್ಯಕರ್ತೆ. ಬಾವಿ, ಟ್ಯಾಂಕಿನ ಹತ್ತಿರ ಮಕ್ಕಳು ಹೋಗುವಂತಿಲ್ಲ. ನೀರು ಚೆಲ್ಲಬೇಕಾದವರು ಮನೆಯವರೇ. ಮಕ್ಕಳು ತೋರಿಸಬೇಕು, ಕಾರಣ ಹೇಳಬೇಕು, ಅಷ್ಟೇ.

ಮೊದಲ ದಿನವೇ ಒಂದು ತೆಂಗಿನ ಗೆರಟೆ ಸಿಕ್ಕಿತು. ಒಳಗೆ ಅರ್ಧ ಲೋಟ ಮಳೆನೀರು. "ಟೀಚರ್, ಹುಳ ಕುಣಿಯುತ್ತಾ ಉಂಟು!" ಎಲ್ಲರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಟಾರ್ಚ್ ಹಾಕಿದ ಕೂಡಲೇ ಹುಳಗಳು ಬಳುಕಿ ತಳಕ್ಕೆ ಇಳಿದವು. ಸ್ವಲ್ಪ ಹೊತ್ತಿಗೆ ಮೇಲೆ ಬಂದು ತಲೆಕೆಳಗಾಗಿ ಓರೆಯಾಗಿ ತೂಗಿದವು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿ ನಿಲ್ಲುವುದು ಹಾಗೆ. ಮಲೇರಿಯಾದ ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಅಂಟಿದ ಹಾಗೆ ಅಡ್ಡ ಮಲಗುತ್ತದೆ. ಮೊಟ್ಟೆ ನುಸಿ, ಅಂದರೆ ಸೊಳ್ಳೆ, ಆಗಲು ಒಂದು ವಾರ, ಹತ್ತು ದಿನ ಸಾಕು. ವಾರವಾರ ಯಾಕೆ ಹೋಗಬೇಕು ಅಂತ ಆಮೇಲೆ ಯಾರೂ ಕೇಳಲಿಲ್ಲ. ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಬೇಕು. ಈಡಿಸ್ ಮೊಟ್ಟೆ ಒಣಗಿದ ಗೋಡೆಯಲ್ಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ಇದನ್ನು ಪ್ರತಿ ಮನೆಯಲ್ಲೂ ಹೇಳಿದ್ದು ಮಕ್ಕಳೇ.

ಹೆಚ್ಚು ಮನೆ ನೋಡಿದ ಗುಂಪಿಗೆ ಬಹುಮಾನ ಅಂದಿದ್ದೆ. ಎರಡೇ ವಾರದಲ್ಲಿ ಸುಳ್ಳು ಲೆಕ್ಕ ಶುರುವಾಯಿತು. ಬಹುಮಾನ ನಿಲ್ಲಿಸಿದೆ, ಲೆಕ್ಕ ಸರಿಯಾಯಿತು. ಈ ವಯಸ್ಸಿನವರಿಗೆ ಬೇಕಾದದ್ದು ಬಹುಮಾನ ಅಲ್ಲ, ದೊಡ್ಡವರು ತಮ್ಮ ಮಾತು ಕೇಳುವುದು.

ಪ್ರತಿ ಗುಂಪಿನಲ್ಲೂ ಕನಿಷ್ಠ ಮೂರು ಭಾಷೆ ಇರುವಂತೆ ನೋಡಿಕೊಂಡಿದ್ದೆ. ನಾನು ಮಾಡಿದ್ದರಲ್ಲಿ ಚೆನ್ನಾಗಿ ಆದದ್ದು ಇದೊಂದೇ ಇರಬಹುದು. ತುಳು ಅಜ್ಜಿಯೊಬ್ಬರು "ಬಲೆ ಜೋಕುಲೇ" ಅಂತ ಒಳಗೆ ಕರೆದರೆ ತುಳು ಹುಡುಗ ಮುಂದೆ. ಬ್ಯಾರಿ ಮನೆಯ ಬಾಗಿಲಲ್ಲಿ ಬ್ಯಾರಿ ಹುಡುಗಿ.

ಕಾರ್ಮಿಕರ ಶೆಡ್ಡುಗಳಲ್ಲಿ ಮಾತ್ರ ಎಲ್ಲರೂ ಹಿಂದೆ ಸರಿದರು. ಕೊನೆಗೆ ಮುಂದೆ ಹೋದದ್ದು ಬಾಗಲಕೋಟೆಯ ಹುಡುಗ. ತನ್ನ ಕನ್ನಡಕ್ಕೆ ಉಳಿದವರು ನಗುತ್ತಾರೆ ಅಂತ ಅವನು ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. "ಅಣ್ಣಾರ, ಡ್ರಮ್ಮಿಗೆ ಮುಚ್ಚಳ ಹಾಕ್ರಿ" ಅಂದ. "ಯಾವ ಊರ ತಮ್ಮಾ ನಿಂದು?" ಅಂತ ಅವರು ಕೂರಿಸಿಕೊಂಡರು. ಕಟ್ಟಡದ ಲಿಫ್ಟ್ ಗುಂಡಿಯಲ್ಲಿ ನೀರು ನಿಂತಿದೆ ಅಂತ ಅವರೇ ಹೇಳಿದರು. ಆಶಾ ಅಕ್ಕ ಬರೆದುಕೊಂಡರು. ಸೋಮವಾರ ಅವನು ತರಗತಿಯಲ್ಲಿ ಕೈ ಎತ್ತಿದ.

ನವೆಂಬರಿನಲ್ಲಿ ಅವನಪ್ಪನ ಕೆಲಸ ಬೇರೆ ಊರಿಗೆ ಹೋಯಿತು. ಅವನೂ ಹೋದ. ಶೆಡ್ಡುಗಳ ಲೆಕ್ಕ ಬರೆಯುವ ಪುಸ್ತಕವನ್ನು ಬ್ಯಾರಿ ಹುಡುಗಿಯ ಕೈಗೆ ಕೊಟ್ಟಿದ್ದ. ಆ ಶನಿವಾರ ಅವಳು ಶೆಡ್ಡಿನ ಮುಂದೆ ನಿಂತು, ಪುಸ್ತಕ ಎದೆಗೆ ಒತ್ತಿಕೊಂಡು, ಅವನದೇ ರಾಗದಲ್ಲಿ ಕರೆದಳು: "ಅಣ್ಣಾರ, ಡ್ರಮ್ಮಿಗೆ ಮುಚ್ಚಳ ಹಾಕ್ರಿ."