ಎರಡು ಹಳೇ ಕಂಪ್ಯೂಟರ್, ಒಂದು ಇಡ್ಲಿ ತಟ್ಟೆ

ಕೋಲಾರದ ದೊಡ್ಡಪೇಟೆ ಹತ್ತಿರ ನನ್ನ ಡಿಟಿಪಿ ಅಂಗಡಿ ಹದಿನೇಳು ವರ್ಷ ನಡೀತು. ಬಾಗಿಲು ಹಾಕಿದಾಗ ಪ್ರಿಂಟರ್ ಮಾರಿಹೋಯ್ತು, ಮೇಜು ಕುರ್ಚಿಯೂ ಹೋದವು. ಯಾರಿಗೂ ಬೇಡವಾದ ಎರಡು ಕಂಪ್ಯೂಟರ್ ಮಾತ್ರ ಮನೆಗೆ ಬಂದು ಮೆಟ್ಟಿಲ ಕೆಳಗೆ ಕೂತವು. ಒಂದು 2005ರ ಪೆಂಟಿಯಂ 4, ಇನ್ನೊಂದು 2009ರಲ್ಲಿ ಕೊಂಡ ಡ್ಯುಯಲ್ ಕೋರ್. ಗುಜರಿಯವನು ಬಂದು ಎರಡನ್ನೂ ಕೈಯಲ್ಲಿ ಎತ್ತಿ ನೋಡಿ ಕಬ್ಬಿಣದ ರೇಟು ಹೇಳಿದ. ಪೆಂಟಿಯಂ ಕೊಳ್ಳೋಕೆ ಚೀಟಿ ಎತ್ತಿದ್ದೆ ನಾನು. ಹೊಟ್ಟೆ ಉರೀದೆ ಇನ್ನೇನಾಗತ್ತೆ?

"ಬಿಚ್ಚಿ ನೋಡೋಣ ಚಿಕ್ಕಮ್ಮ, ಏನಾದ್ರೂ ಸಿಗ್ತದೆ" ಅಂದ ಅಕ್ಕನ ಮಗ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದುವ ಹುಡುಗ.

ಬಿಚ್ಚುವ ಮುಂಚೆ ಮಾಡಿದ ಒಂದು ಒಳ್ಳೆ ಕೆಲಸ ಅಂದ್ರೆ, ಇನ್ನೂ ಆನ್ ಆಗುತ್ತಿದ್ದ ಪೆಂಟಿಯಂನಿಂದ ಫೈಲುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿಕೊಂಡದ್ದು. ಒಮ್ಮೆ ಬಿಚ್ಚಿದ ಮೇಲೆ ಆ ಹಳೇ ಅಗಲದ ಪಟ್ಟಿ ಕೇಬಲ್ಲಿನ ಹಾರ್ಡ್ ಡಿಸ್ಕ್ ಓದಿಸಬೇಕಾದರೆ ಬೇರೆ ಕನ್ವರ್ಟರ್ ಬೇಕು, ಅದಕ್ಕೆ 12 ವೋಲ್ಟ್ ಬೇರೆ ಕೊಡಬೇಕು. ಮದುವೆ ಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಪಂಚಾಯ್ತಿ ಎಲೆಕ್ಷನ್ ಕರಪತ್ರ, ಎಲ್ಲ 'ನುಡಿ' ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದವು. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದಕ್ಷರ ಕನ್ನಡ ಇಲ್ಲ, ಬರೀ ವಕ್ರವಕ್ರ ಚಿಹ್ನೆ. ಆಗಿನದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಆಸ್ಕಿ ಫಾಂಟು, ಈಗಿನ ಯೂನಿಕೋಡ್ ಅಲ್ಲ. ಹಳೇ ಫಾಂಟು ಹಾಕಿದ ಮೇಲೆ ಶ್ರೀಗಣೇಶಾಯ ನಮಃ ಅಂತ ಕಾಣಿಸಿಕೊಂಡಿತು.

ಮಾರನೇ ದಿನ ಅಂಗಳದಲ್ಲಿ ಚಾಪೆ ಹಾಸಿದೆವು. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಪೇಂಟ್ ಬ್ರಷ್, ಒಂದು ಹಳೇ ಇಡ್ಲಿ ತಟ್ಟೆ. ತಟ್ಟೆ ಯಾಕೆ ಅಂದ್ರೆ ಕಂಪ್ಯೂಟರಿನ ಸ್ಕ್ರೂಗಳು ಒಂದೇ ಥರ ಕಂಡರೂ ಒಂದೇ ಅಲ್ಲ. ಕ್ಯಾಬಿನೆಟ್ಟಿಗೂ ಹಾರ್ಡ್ ಡಿಸ್ಕಿಗೂ ದಪ್ಪ ಮರೆ (ಸ್ಕ್ರೂ ಸುತ್ತಿನ ಥ್ರೆಡ್), ಡಿವಿಡಿ ಡ್ರೈವಿಗೆ ಸಣ್ಣ ಮರೆ. ಅದನ್ನ ಇದಕ್ಕೆ ಹಾಕಿ ತಿರುಗಿಸಿದರೆ ಮರೆ ಸವೆದು ಹೋಗತ್ತೆ. ಒಂದೊಂದು ಗುಂಡಿಗೆ ಒಂದೊಂದು ಜಾತಿ ಹಾಕುತ್ತ ಹೋದೆ.

ಪಕ್ಕದ ಬಾಗಿಲು ತೆಗೆದರೆ ಒಳಗೆ ಕೋಲಾರದ ಕೆಂಧೂಳು. ದೇವರ ಫೋಟೋ ಕೆಳಗೇ ಇಟ್ಟಿದ್ದೆನಲ್ಲ, ಊದುಬತ್ತಿ ಹೊಗೆಯೂ ಸೇರಿ ಫ್ಯಾನಿನ ರೆಕ್ಕೆ ಮೇಲೆ ಕಾಡಿಗೆ ಹಾಗೆ ಮೆತ್ತಿತ್ತು. ಬೇಸಿಗೆಯಲ್ಲಿ ತಾನಾಗೇ ಆಫ್ ಆಗುತ್ತಿದ್ದದ್ದಕ್ಕೆ ಎಷ್ಟು ಸಲ ರಿಪೇರಿಗೆ ದುಡ್ಡು ಕೊಟ್ಟಿದ್ದೀನೋ! ಬ್ರಷ್ಷಿನಲ್ಲಿ ಹೋಗುವ ಕಾಯಿಲೆ ಅದು.

ಕೇಬಲ್ಲು, ಡಿವಿಡಿ ಡ್ರೈವು, ರ್‍ಯಾಮ್ ಸುಲಭವಾಗಿ ಬಂದವು. ಎಡವಿದ್ದು ಪೆಂಟಿಯಂನ ಪ್ರೊಸೆಸರ್, ಅಂದ್ರೆ ಲೆಕ್ಕ ಮಾಡುವ ಮುಖ್ಯ ಚಿಪ್ಪಿನ ಹತ್ತಿರ. ಅದರ ಮೇಲೆ ಕೂತು ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕಿನ ಎರಡು ಕ್ಲಿಪ್ ಎತ್ತಿದೆ, ಅಲ್ಲಾಡಲಿಲ್ಲ. ಸ್ವಲ್ಪ ಜೋರಾಗಿ ಮೇಲಕ್ಕೆ ಎಳೆದೆ. ಟಪ್ ಅಂತ ಸದ್ದು. ಹೀಟ್‌ಸಿಂಕ್ ಕೈಗೆ ಬಂತು, ಅದರ ಹೊಟ್ಟೆಗೆ ಅಂಟಿಕೊಂಡು ಪ್ರೊಸೆಸರ್ರೂ ಬಂತು, ಅದು ಕೂರುವ ಸಾಕೆಟ್ಟಿನ ಲಾಕು ಹಾಕಿದ್ದು ಹಾಕಿದ ಹಾಗೇ ಇತ್ತು. 478 ಪಿನ್ನುಗಳಲ್ಲಿ ಒಂದು ಮೂಲೆಯ ಏಳೆಂಟು ನೆಲಕಚ್ಚಿದ ರಾಗಿ ಪೈರಿನ ಹಾಗೆ ಮಲಗಿದ್ದವು.

ಬಿಸಿ ದಾಟಲಿ ಅಂತ ಮಧ್ಯೆ ಹಚ್ಚಿದ್ದ ಥರ್ಮಲ್ ಪೇಸ್ಟ್ ಇಷ್ಟು ವರ್ಷದಲ್ಲಿ ಒಣಗಿ ಗಾರೆಯಾಗಿತ್ತು. ಬಿಚ್ಚುವ ಮುಂಚೆ ಹತ್ತು ನಿಮಿಷ ಕಂಪ್ಯೂಟರ್ ಓಡಿಸಿದರೆ ಬಿಸಿಗೆ ಅದು ಮೆತ್ತಗಾಗತ್ತೆ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಹೀಟ್‌ಸಿಂಕನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ಬಿಡಿಸಬೇಕು, ನೇರ ಎಳೀಬಾರದು. ಹಿಂದಿನ ದಿನ ಎರಡು ಗಂಟೆ ಓಡಿಸಿದ್ದೆ, ಆ ಬಿಸಿಯಲ್ಲೇ ತೆಗೆದಿದ್ದರೆ ಆಗ್ತಿತ್ತು. ಹೇರ್ ಡ್ರೈಯರ್ ಹಿಡಿದು ಎರಡನ್ನೂ ಬೇರೆ ಮಾಡಿದೆ. ಸೀಸ ತೆಗೆದ 0.5 ಮಿಮೀ ಕ್ಲಿಕ್ ಪೆನ್ಸಿಲ್ಲಿನ ತುದಿ ಒಂದು ಪಿನ್ನಿಗೆ ಸರಿಯಾಗಿ ಕೂರತ್ತೆ. ಅದನ್ನು ತೊಡಿಸಿ ಒಂದೊಂದನ್ನೇ ನೆಟ್ಟಗೆ ಮಾಡಿದೆ. ಮುಕ್ಕಾಲು ಗಂಟೆ ಹಿಡೀತು. ಆ ಪ್ರೊಸೆಸರ್ ಈಗ ಯಾರಿಗೂ ಬೇಕಿಲ್ಲ, ಬರೀ ಹಠಕ್ಕೆ ಮಾಡಿದ್ದು. ವಾಪಸ್ ಕೂರಿಸಿದಾಗ ಆನ್ ಆಯ್ತು!

ಡ್ಯುಯಲ್ ಕೋರಿನದು ಬೇರೆ ಕಥೆ. ಅದರಲ್ಲಿ ಪಿನ್ನು ಪ್ರೊಸೆಸರಿಗಿಲ್ಲ, ಸಾಕೆಟ್ಟಿನಲ್ಲಿವೆ, ಅಲ್ಲಿ ಬೆರಳು ತಗುಲಿದರೆ ಮದರ್‌ಬೋರ್ಡೇ ಹೋಯ್ತು. ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಗೂಟಗಳನ್ನು ಬಾಣದ ಗುರುತಿನ ಕಡೆಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆತ್ತಿದರೆ ಸಾಕು.

ಎಸ್‌ಎಂಪಿಎಸ್ ಡಬ್ಬಿ, ಅಂದ್ರೆ ಕಂಪ್ಯೂಟರಿಗೆ ಕರೆಂಟು ಹಂಚುವ ಪೆಟ್ಟಿಗೆ, ನೋಡಿ ಹುಡುಗನ ಕೈ ತುರಿಸುತ್ತಿತ್ತು. "ಅದರ ಮುಚ್ಚಳ ಮಾತ್ರ ತೆಗೀಬೇಡ ಕಣೋ" ಅಂದೆ. ಪ್ಲಗ್ ಕಿತ್ತ ಮೇಲೂ ಒಳಗಿನ ದಪ್ಪ ಕೆಪಾಸಿಟರುಗಳಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ಮುಚ್ಚಿದ ಹಾಗೇ ಅದು ಉಪಯೋಗಕ್ಕೆ ಬರುತ್ತೆ. ದೊಡ್ಡ ಕನೆಕ್ಟರಿನ ಹಸಿರು ವೈರನ್ನು ಕಪ್ಪು ವೈರಿಗೆ ಸೇರಿಸಿದರೆ ಬೋರ್ಡಿಲ್ಲದೆ ಆನ್ ಆಗತ್ತೆ. ಹಳದಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5. ಈಗ ಹಿತ್ತಿಲ ಎಲ್‌ಇಡಿ ಪಟ್ಟಿ ಅದರಲ್ಲೇ ಉರೀತಿದೆ.

ಡ್ಯುಯಲ್ ಕೋರಿನ ಹಾರ್ಡ್ ಡಿಸ್ಕ್ ಸತ್ತಿತ್ತು, ಆನ್ ಮಾಡಿದರೆ ಕಟಕಟ ಅನ್ನುತ್ತಿತ್ತು. ಅದನ್ನು ಪೂರ್ತಿ ಬಿಚ್ಚಿದೆವು. ಆರು ಮೂಲೆಯ ಟಾರ್ಕ್ಸ್ ಸ್ಕ್ರೂಗಳು, ಮುಚ್ಚಳ ಏಳದಿದ್ದರೆ ಲೇಬಲ್ ಮೇಲೆ ಬೆರಳಾಡಿಸಿ ನೋಡಬೇಕು, ಕೆಳಗೆ ಒಂದು ಅಡಗಿರತ್ತೆ. ಒಳಗಿನ ತಟ್ಟೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಮೂಲೆಯಲ್ಲಿ ಬಾಳೆಹಣ್ಣಿನ ಹೋಳಿನಂಥ ಎರಡು ನಿಯೋಡಿಮಿಯಂ ಆಯಸ್ಕಾಂತ. ಒಂದಕ್ಕೊಂದು ಹಾರಿ ಕಚ್ಚಿದಾಗ ಮಧ್ಯೆ ನನ್ನ ಹೆಬ್ಬೆರಳಿತ್ತು, ಉಗುರು ಕಪ್ಪಾಯ್ತು. ಒಂದನ್ನು ಎದುರುಮನೆ ಟೈಲರಮ್ಮನಿಗೆ ಕೊಟ್ಟೆ. ಬಿದ್ದ ಸೂಜಿ, ಗುಂಡುಪಿನ್ನು ಹುಡುಕೋಕೆ ಅದನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದಾಡ್ತಾರೆ.

ಡ್ಯುಯಲ್ ಕೋರಿನ ಡಿಡಿಆರ್2 ರ್‍ಯಾಮ್ ಜೆರಾಕ್ಸ್ ಅಂಗಡಿಯವರಿಗೆ ಹೋಯ್ತು, ಅವರ ಕಂಪ್ಯೂಟರ್ ಇನ್ನೂ ಅದೇ ಕಾಲದ್ದು. ಪೆಂಟಿಯಂನ ರ್‍ಯಾಮ್ ಅದರಲ್ಲಿ ಕೂರಲ್ಲ, ಕಚ್ಚಿನ ಜಾಗವೇ ಬೇರೆ.

ಬೋರ್ಡು, ರ್‍ಯಾಮಿನ ಹಳದಿ ಅಂಚು ನೋಡಿದವರೆಲ್ಲ ಕೇಳಿದ್ದು ಒಂದೇ: ಇದರಲ್ಲಿ ಚಿನ್ನ ಇರ್ತದಂತಲ್ಲ? ಇರೋದು ನಿಜ, ಆದರೆ ಉಗುರಿನ ಬಣ್ಣಕ್ಕಿಂತಲೂ ತೆಳು ಲೇಪ. ಆಸಿಡ್‌ನಲ್ಲಿ ಹಾಕಿ ತೆಗೆಯೋದನ್ನ ವಿಡಿಯೋದಲ್ಲಿ ತೋರಿಸ್ತಾರೆ ಅಂದ ಹುಡುಗ. ನಮ್ಮ ಜಿಲ್ಲೆಯವರಿಗೆ ಚಿನ್ನದ ಲೆಕ್ಕ ಹೊಸದಾಗಿ ಕಲಿಸಬೇಕಾ? ಟನ್ನುಗಟ್ಟಲೆ ಕಲ್ಲು ಪುಡಿ ಮಾಡಿ ಗ್ರಾಂ ಲೆಕ್ಕದಲ್ಲಿ ಚಿನ್ನ ತೆಗೆದು, ನಷ್ಟ ಅಂತ 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದರು. ಉಳಿದದ್ದು ಸೈನೈಡ್ ಗುಡ್ಡಗಳು, ಗಾಳಿಗೆ ಇವತ್ತಿಗೂ ಅದರ ಧೂಳು ಅಲ್ಲಿನ ಮನೆಗಳೊಳಗೆ ಬರುತ್ತೆ. ನನ್ನ ಅಂಗಳದಲ್ಲಿ ಆಸಿಡ್ ಬೇಡ ಅಂದೆ. ಬೋರ್ಡುಗಳನ್ನು ಚೀಲಕ್ಕೆ ಹಾಕಿ ಕಟ್ಟಿಟ್ಟೆ.

ಖಾಲಿ ಕ್ಯಾಬಿನೆಟ್, ತಗಡು, ಹೀಟ್‌ಸಿಂಕ್ ಅದೇ ಗುಜರಿಯವನಿಗೆ ಹೋದವು. ಅಲ್ಯೂಮಿನಿಯಂ ಬೇರೆ ತೂಗಿಸಿದ್ದಕ್ಕೆ ಮೊದಲು ಹೇಳಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು. ದಪ್ಪ ಗಾಜಿನ ಹಳೇ ಮಾನಿಟರನ್ನೂ ಕೇಳಿದ. ತಾಮ್ರದ ಸುರುಳಿಗೆ ಅದನ್ನು ರಸ್ತೆ ಬದಿಯಲ್ಲೇ ಒಡೀತಾರೆ, ಆ ಗಾಜಿನಲ್ಲಿ ಸೀಸ ಇರತ್ತೆ, ಕೊಡಲಿಲ್ಲ. ಅದನ್ನು ನಾವೂ ಬಿಚ್ಚಲಿಲ್ಲ, ಅದರ ಕೊಳವೆಯಲ್ಲಿ ಸಾವಿರಗಟ್ಟಲೆ ವೋಲ್ಟ್ ನಿಂತಿರಬಹುದು. ಬೋರ್ಡಿನ ಚೀಲದ ಪಕ್ಕ ಮೆಟ್ಟಿಲ ಕೆಳಗೇ ಇದೆ. ಭಾವ ಟೆಂಪೋದಲ್ಲಿ ಟೊಮೆಟೊ ಹಾಕಿಕೊಂಡು ಬೆಂಗಳೂರಿಗೆ ಹೋಗೋ ದಿನ ಎರಡನ್ನೂ ಅಲ್ಲಿನ ಇ-ತ್ಯಾಜ್ಯ ತಗೊಳ್ಳೋ ಕಡೆ ಇಳಿಸಿ ಬರ್ತೀನಿ ಅಂದಿದ್ದಾರೆ.