ಒಂದು ಕೂಡಿದರೂ ಹೆಚ್ಚದ ಸಂಖ್ಯೆ ಹುಡುಕಿದ್ದು

ಲೆಕ್ಕದ ಪ್ರೋಗ್ರಾಂ ಒಂದೇ. ಆದರೆ ಲ್ಯಾಬಿನ ಹಳೆಯ 32 ಬಿಟ್ ಪೆಂಟಿಯಮ್ 4 ಯಂತ್ರದಲ್ಲಿ ಕೊನೆಯ ಅಂಕಿಗಳು ನನ್ನ ಲ್ಯಾಪ್‌ಟಾಪ್‌ಗಿಂತ ಬೇರೆ ಬರುತ್ತಿದ್ದವು. ಎರಡರಲ್ಲೂ ಲಿನಕ್ಸ್, ಎರಡರಲ್ಲೂ ಜಿಸಿಸಿ ಕಂಪೈಲರ್ (ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವುದು). ಪ್ರೊಸೆಸರ್ ಹೆಸರು, ಕೋರ್ ಎಷ್ಟು ಅನ್ನೋದನ್ನೆಲ್ಲ ಲಿನಕ್ಸ್‌ನ ಆಜ್ಞೆ ಎಲ್‌ಎಸ್‌ಸಿಪಿಯು ಹೇಳಿಬಿಡುತ್ತದೆ. ಲೆಕ್ಕ ಹೇಗೆ ಮಾಡುತ್ತದೆ ಅಂತ ಅದು ಹೇಳುವುದಿಲ್ಲ. ಹಾಗಾಗಿ ಯಂತ್ರವನ್ನೇ ಕೇಳುವ ಒಂದು ಪುಟ್ಟ ಸಿ ಪ್ರೋಗ್ರಾಂ ಬರೆದೆ.

ಉಪಾಯ ನನ್ನದಲ್ಲ. ಮೈಕೆಲ್ ಮಾಲ್ಕಮ್ 1972ರಲ್ಲೇ ಬರೆದಿಟ್ಟದ್ದು. 1ರಿಂದ ಶುರು ಮಾಡಿ ಸಂಖ್ಯೆಯನ್ನು ದುಪ್ಪಟ್ಟು ಮಾಡುತ್ತಾ ಹೋಗಿ. ಪ್ರತಿ ಸಲ ಅದಕ್ಕೆ 1 ಕೂಡಿಸಿ, ಬಂದದ್ದರಿಂದ ಮೂಲ ಸಂಖ್ಯೆಯನ್ನು ಕಳೆಯಿರಿ. 1 ಉಳಿಯಬೇಕು ಅಲ್ವಾ? ಡಬಲ್‌ನಲ್ಲಿ (ದಶಮಾಂಶ ಸಂಖ್ಯೆ ಇಡಲು ಸಿ ಭಾಷೆಯಲ್ಲಿರುವ ವಿಧ) 9007199254740992 ತಲುಪಿದಾಗ ಸೊನ್ನೆ ಉಳಿಯುತ್ತದೆ. ಅದು 2ರ 53ನೇ ಘಾತ. ಅಂದರೆ ಈ ಯಂತ್ರ 53 ಬಿಟ್ ನಿಖರತೆಯಲ್ಲಿ ಲೆಕ್ಕ ಮಾಡುತ್ತಿದೆ. ಅದಕ್ಕಿಂತ ಚಿಕ್ಕ ವಿಧವಾದ ಫ್ಲೋಟ್‌ನಲ್ಲಾದರೆ 16777216ಕ್ಕೇ ನಿಲ್ಲುತ್ತದೆ.

ಲ್ಯಾಪ್‌ಟಾಪ್ 53 ಅಂದಿತು. ಪೆಂಟಿಯಮ್ 64 ಅಂದಿತು, ಅದೂ ಡಬಲ್‌ಗೆ! ಗುಟ್ಟು ಇಲ್ಲೇ ಇತ್ತು. 32 ಬಿಟ್ ಜಿಸಿಸಿ ಸಾಮಾನ್ಯವಾಗಿ ಎಕ್ಸ್87 ಎಂಬ ಪ್ರೊಸೆಸರ್‌ನ ಹಳೆಯ ಲೆಕ್ಕದ ಘಟಕವನ್ನು ಬಳಸುತ್ತದೆ. ಅದರ ರಿಜಿಸ್ಟರ್ (ಲೆಕ್ಕದ ಸಂಖ್ಯೆ ಇಡುವ ಒಳಗಿನ ಪುಟ್ಟ ಜಾಗ) 80 ಬಿಟ್‌ನದು, ಅದರಲ್ಲಿ 64 ಬಿಟ್ ಅಂಕಿಗಳಿಗೆ. ಮೊತ್ತ ಮೆಮೊರಿಗೆ ಹೋಗದೆ ರಿಜಿಸ್ಟರ್‌ನಲ್ಲೇ ಉಳಿದರೆ ನಿಖರತೆ ಜಾಸ್ತಿ. ಮೆಮೊರಿಗೆ ಹೋಗಿ ಬಂದರೆ 53 ಬಿಟ್‌ಗೆ ಇಳಿಯುತ್ತದೆ. ಯಾವುದು ಯಾವಾಗ ಅನ್ನೋದು ಕಂಪೈಲರ್ ಕೈಯಲ್ಲಿ.

ಈ ಕಂಪೈಲರ್‌ ಬಗ್ಗೆ ಹುಷಾರಾಗಿರಬೇಕು. ಬೇಕೆಂದೇ, ವೇಗಕ್ಕಾಗಿ ಲೆಕ್ಕದ ನಿಯಮ ಸಡಿಲಿಸುವ ಫಾಸ್ಟ್-ಮ್ಯಾಥ್ ಆಯ್ಕೆ ಹಾಕಿ ನೋಡಿದೆ. ಪ್ರೋಗ್ರಾಂ ನಿಲ್ಲಲೇ ಇಲ್ಲ. ಕೂಡಿಸಿ ಕಳೆದರೆ 1 ತಾನೇ ಅಂತ ಕಂಪೈಲರೇ ಬೀಜಗಣಿತ ಮಾಡಿ, ಯಂತ್ರಕ್ಕೆ ಆ ಕೆಲಸವನ್ನೇ ಕೊಟ್ಟಿರಲಿಲ್ಲ. ರೈತನನ್ನು ಕೇಳಿದರೆ ದಲ್ಲಾಳಿ ಉತ್ತರ ಕೊಟ್ಟ ಹಾಗೆ. ಆದ್ದರಿಂದ ಇಂಥ ಪ್ರೋಗ್ರಾಂಗೆ ಫಾಸ್ಟ್-ಮ್ಯಾಥ್ ಬೇಡವೇ ಬೇಡ. ಮೊತ್ತ ಇಡುವ ವೇರಿಯಬಲ್‌ಗೆ ವೊಲಟೈಲ್ ಅಂತ ಸೇರಿಸಿದರೆ ಅದು ಮೆಮೊರಿಗೆ ಹೋಗಿಯೇ ಬರಬೇಕು. ನಾನು ಎರಡೂ ರೀತಿ ಅಳೆದು ಎರಡನ್ನೂ ಮುದ್ರಿಸುತ್ತೇನೆ. 53 ಮತ್ತು 64 ಒಟ್ಟಿಗೆ ಕಂಡರೆ ಎಕ್ಸ್87 ಅಂತಲೇ ಲೆಕ್ಕ.

ಇದೇ ಪ್ರೋಗ್ರಾಂ ಅಂಗೈಯಗಲದ ಕಂಪ್ಯೂಟರ್ ಆದ 64 ಬಿಟ್ ರಾಸ್ಪ್‌ಬೆರಿ ಪೈನಲ್ಲಿ ಇನ್ನೊಂದು ಮಜಾ ತೋರಿಸಿತು. ಡಬಲ್‌ಗಿಂತ ದೊಡ್ಡ ವಿಧವಾದ ಲಾಂಗ್ ಡಬಲ್‌ನ ಗಾತ್ರ ಪೈನಲ್ಲೂ ಲ್ಯಾಪ್‌ಟಾಪ್‌ನಲ್ಲೂ 16 ಬೈಟ್. ನಿಖರತೆ ಮಾತ್ರ ಲ್ಯಾಪ್‌ಟಾಪ್‌ನಲ್ಲಿ 64 ಬಿಟ್, ಪೈನಲ್ಲಿ 113. ಪೈ ಅದನ್ನು ಸಾಫ್ಟ್‌ವೇರ್‌ನಲ್ಲೇ ಮಾಡುವುದರಿಂದ ನಿಧಾನ. ಸುಮ್ನೆ ಗಾತ್ರ ನೋಡಿದ್ದರೆ ಎರಡೂ ಒಂದೇ ಅನಿಸುತ್ತಿತ್ತು.

ಈಗ ಇದೆಲ್ಲ ಕಂಪೈಲರ್ ಜೊತೆಗೇ ಬರುವ ಫ್ಲೋಟ್.ಹೆಚ್ ಕಡತದಲ್ಲೇ ಸಿಗುತ್ತದೆ, ನಿಜ. ಹಿಂದೆ ಜಿಸಿಸಿ ಕೂಡ ಆ ಕಡತ ತಯಾರಿಸಲು ಸ್ಟೀವನ್ ಪೆಂಬರ್ಟನ್ ಅವರ ಎನ್‌ಕ್ವೈರ್ ಎಂಬ ಇಂಥದೇ ಪ್ರೋಗ್ರಾಂ ಓಡಿಸುತ್ತಿತ್ತು. ಆದರೆ ಡಬಲ್‌ನ ಬಿಟ್ ಎಷ್ಟು ಅಂತ ಆ ಕಡತವನ್ನು ಕೇಳಿದರೆ ಪೆಂಟಿಯಮ್‌ನಲ್ಲೂ 53 ಅಂತಲೇ ಇರುತ್ತದೆ. ನಡುವಿನ ಲೆಕ್ಕ ಎಲ್ಲಿ ನಡೆಯಿತು ಅಂತ ಆ ಒಂದು ಸಂಖ್ಯೆಯಿಂದ ಗೊತ್ತಾಗೋದಿಲ್ಲ.

ಪೆಂಟಿಯಮ್ 4ರಲ್ಲಿ ಎಸ್ಎಸ್ಇ2 ಕೂಡ ಇದೆ, ಅಂದರೆ ಡಬಲ್ ಲೆಕ್ಕವನ್ನು 53 ಬಿಟ್‌ನಲ್ಲೇ ಮಾಡುವ ಹೊಸ ಸೌಲಭ್ಯ. ಎಕ್ಸ್87 ಬಿಟ್ಟು ಅದನ್ನೇ ಬಳಸು ಅಂತ ಜಿಸಿಸಿಗೆ ಹೇಳಿ ಮತ್ತೆ ಕಂಪೈಲ್ ಮಾಡಿದೆ. ಕೂಡು, ಕಳೆ, ಗುಣಿಸು, ಭಾಗಿಸು ಎಲ್ಲ ಕೊನೆಯ ಬಿಟ್‌ವರೆಗೂ ಕೂಡಿಬಂದವು. ಸೈನ್, ಲಾಗ್ ಬಂದ ಕಡೆ ಮಾತ್ರ ಇನ್ನೂ ಆಗೊಮ್ಮೆ ಈಗೊಮ್ಮೆ ವ್ಯತ್ಯಾಸ ಉಳಿದಿದೆ. ಎರಡು ಯಂತ್ರಗಳ ಗಣಿತ ಲೈಬ್ರರಿಯ ಆವೃತ್ತಿ ಬೇರೆ ಬೇರೆ. ಅದನ್ನು ಮುಂದೆ ನೋಡಬೇಕು.